ಬಿಳಿ ಹುಳದ ಗುಮಾನಿ

ಇಂದಿಗೂ ನಮ್ಮ ಮನೆಗೆ ದ್ರಾಕ್ಷಿ ಬಂದರೆ ನಾನು ಅದರ ಬಣ್ಣ ನೋಡುವುದಿಲ್ಲ, ಸಿಹಿ ವಿಚಾರಿಸುವುದಿಲ್ಲ. ಗೊಂಚಲನ್ನು ಕಿಟಕಿಯ ಬೆಳಕಿಗೆ ತಲೆಕೆಳಗಾಗಿ ಹಿಡಿದು, ಹಣ್ಣು ಹಣ್ಣು ಕೂಡುವ ತೊಟ್ಟಿನ ಸಂದುಗಳನ್ನು ಬಿಡಿಸಿ ಬಿಡಿಸಿ ನೋಡುತ್ತೇನೆ. ನನ್ನ ಹೆಂಡತಿ ಉಪ್ಪುನೀರಿನ ಬೋಗುಣಿ ಮುಂದಿಟ್ಟುಕೊಂಡು ಕಾಯುತ್ತಿರುತ್ತಾಳೆ. "ಹೆಣ್ಣು ನೋಡಾಕ ಬಂದಾಗ ನನ್ನನ್ನೂ ಇಷ್ಟು ನೋಡಿರಲಿಲ್ರಿ ನೀವು" ಎಂದು ಪ್ರತಿಸಲವೂ ಅನ್ನುತ್ತಾಳೆ. ಅವಳ ಮಾತು ಖರೆ. ಮನುಷ್ಯರನ್ನು ನಾನು ಬೇಗ ನಂಬುತ್ತೇನೆ, ಅದಕ್ಕಿಂತ ಬೇಗ ಶಂಕಿಸುತ್ತೇನೆ; ಎರಡಕ್ಕೂ ಬೇಕಾದಷ್ಟು ಹೊತ್ತು ಕೊಡುವುದಿಲ್ಲ. ದ್ರಾಕ್ಷಿಗೆ ಮಾತ್ರ ಕೊಡುತ್ತೇನೆ. ಯಾಕೆಂಬುದನ್ನು ಈವರೆಗೆ ಅವಳಿಗೂ ಪೂರ್ತಿಯಾಗಿ ಹೇಳಿಲ್ಲ, ಈಗ ನಿಮಗೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಜೇವರ್ಗಿಯಲ್ಲಿ. ತೊಗರಿ, ಜೋಳದ ಸೀಮೆ. ನಮ್ಮಲ್ಲಿ ದ್ರಾಕ್ಷಿಯೆಂದರೆ ದವಾಖಾನೆಯಲ್ಲಿ ಮಲಗಿದವರಿಗೆ ಒಯ್ಯುವ ಹಣ್ಣು. ಬಸ್‌ಸ್ಟ್ಯಾಂಡಿನಲ್ಲಿ ಯಾರ ಕೈಯಲ್ಲಾದರೂ ದ್ರಾಕ್ಷಿಯ ಪೊಟ್ಟಣ ಕಂಡರೆ "ಯಾರಿಗೆ ಏನಾಗ್ಯದ?" ಎಂದು ಕೇಳುವ ರೂಢಿ. ಅಂಥ ಊರಿನವನನ್ನು ಎಂಬತ್ತರ ದಶಕದ ಕೊನೆಯಲ್ಲಿ ಸರ್ಕಾರ ಕೃಷಿ ಸಹಾಯಕನನ್ನಾಗಿ ಮಾಡಿ ಆಳಂದ ತಾಲ್ಲೂಕಿನ ಖಜೂರಿಯ ಕಡೆ ಕಳಿಸಿತು. ಅಲ್ಲಿ ಮಹಾರಾಷ್ಟ್ರದತ್ತ ಹೋಗುವ ಲಾರಿಗಳ ಧೂಳು ಒಂದು ಬದಿಗೆ, ಕಬ್ಬಿಣದ ಕಂಬ ನಿಲ್ಲಿಸಿ ತಂತಿಯ ಮೇಲೆ ಹಬ್ಬಿಸಿದ ದ್ರಾಕ್ಷಿಯ ಹಸಿರು ಚಪ್ಪರ ಇನ್ನೊಂದು ಬದಿಗೆ. ಬಳ್ಳಿ ಕಟ್ಟುವುದನ್ನು, ಚಾಟಣಿಯೆಂದು ಕೊಂಬೆ ಸವರುವುದನ್ನು ಗಡಿಯಾಚೆಯ ನೆಂಟರಿಂದ ಕಲಿತು ಬಂದ ರೈತರಿಗೆ, ದ್ರಾಕ್ಷಿಯನ್ನು ರೋಗಿಯ ತಲೆದಿಂಬಿನ ಬಳಿ ಮಾತ್ರ ಕಂಡ ನಾನು ಸಲಹೆ ಕೊಡಬೇಕಿತ್ತು. ಅವರು ನನ್ನನ್ನು ನಂಬದಿದ್ದುದರಲ್ಲಿ ತಪ್ಪೇನೂ ಇರಲಿಲ್ಲ.

ಆ ತೋಟಗಳಿಗೆ ಒಂದು ಪೀಡೆಯಿತ್ತು. ಅಕ್ಕಿಹಿಟ್ಟಿನಲ್ಲಿ ಹೊರಳಾಡಿ ಬಂದಂತೆ ಬೆಳ್ಳಗಿರುವ, ಎಳ್ಳುಕಾಳಿನಷ್ಟು ಸಣ್ಣ ಹುಳ. ಪುಸ್ತಕದಲ್ಲಿ ಅದು ಹಿಟ್ಟು ತಿಗಣೆ. ಊರವರ ಬಾಯಲ್ಲಿ ಹಿಟ್ಟಿನ ಹುಳ. ಕಾಯಿ ಮೆತ್ತಗಾಗಿ ಹಣ್ಣಾಗುವ ಹೊತ್ತಿಗೆ ಬಂದು ತೊಟ್ಟಿನ ಸಂದಿನಲ್ಲಿ ಕೂತು ರಸ ಹೀರುತ್ತ ಗೊಂಚಲನ್ನೇ ಅಂಟು ಅಂಟು ಮಾಡಿಬಿಡುತ್ತದೆ. ಸೋಲಾಪುರದ ವ್ಯಾಪಾರಿ ಬಂದು ಗೊಂಚಲು ಎತ್ತಿ, ಒಂದು ಬಿಳಿ ಚುಕ್ಕೆ ಕಂಡರೂ ಮಾತಾಡದೆ ಕೆಳಗಿಟ್ಟು ಮುಂದಿನ ತೋಟಕ್ಕೆ ನಡೆಯುತ್ತಿದ್ದ. ಆ ಮೌನಕ್ಕೆ ಹೆದರಿ ರೈತರು ಎಣ್ಣಿ ಹೊಡೆಯುತ್ತಿದ್ದರು. ವಿಷವೆಂಬ ಪದವನ್ನು ಅಲ್ಲಿ ಯಾರೂ ಬಳಸುತ್ತಿರಲಿಲ್ಲ. ಆಳಂದದ ಅಂಗಡಿಯಲ್ಲಿ ಅದು ಔಷಧ, ತೋಟಕ್ಕೆ ಬಂದ ಮೇಲೆ ಎಣ್ಣಿ. ರೋಗಿಗೆ ಕುಡಿಸುವುದೂ ಔಷಧ, ದೀಪಕ್ಕೆ ಹಾಕುವುದೂ ಎಣ್ಣಿ. ಇಷ್ಟು ಸೌಮ್ಯವಾದ ಹೆಸರುಗಳ ಮೇಲೆ ಯಾರು ತಾನೇ ಅನುಮಾನ ಪಟ್ಟಾರು? 'ಹುಳ' ಎಂಬ ಪದ ಮಾತ್ರ ಹುಟ್ಟಿನಿಂದಲೇ ಅಪರಾಧಿ.

ಇನ್ನೊಂದು ಸಂಗತಿಯನ್ನು ನಾನು ಬಹುಬೇಗ ಗಮನಿಸಿದೆ. ತನ್ನ ಬಳ್ಳಿಯಲ್ಲಿ ಹುಳವಿದೆಯೆಂದು ಎಣ್ಣಿ ಹೊಡೆಯುವವರಿಗಿಂತ ಪಕ್ಕದ ತೋಟದಲ್ಲಿ ಪಂಪಿನ ಸದ್ದು ಕೇಳಿತೆಂದು ಹೊಡೆಯುವವರೇ ಹೆಚ್ಚು. ಒಬ್ಬ ಪಂಪು ಹಚ್ಚಿದನೆಂದರೆ ಅವನಲ್ಲಿಯ ಹುಳವೆಲ್ಲ ಬದು ದಾಟಿ ತನ್ನಲ್ಲಿಗೆ ಬರುತ್ತದೆಂಬ ಭಯ ಇನ್ನೊಬ್ಬನಿಗೆ. ಹೀಗೆ ಸದ್ದು ತೋಟದಿಂದ ತೋಟಕ್ಕೆ ಹಬ್ಬುತ್ತಿತ್ತು. ಸಂಶಯ, ಸಂದೇಹ, ಶಂಕೆ ಎಂಬ ಪದಗಳೆಲ್ಲ ಮನಸ್ಸಿನೊಳಗೆ ಕೈಕಟ್ಟಿ ಕೂತಿರುವ ಸಭ್ಯ ಪದಗಳು. ನಮ್ಮ ಕಡೆ ನಿಜಾಮನ ಕಾಲದಿಂದ ಉಳಿದುಕೊಂಡ 'ಗುಮಾನಿ' ಹಾಗಲ್ಲ. ಅದಕ್ಕೆ ಕಾಲುಗಳಿವೆ, ಅದು ಬದು ದಾಟುತ್ತದೆ.

ಆಗ ಬೆಂಗಳೂರಿನ ಪ್ರಯೋಗಾಲಯವೊಂದರಿಂದ ನಮ್ಮ ಕಚೇರಿಗೆ ಒಂದು ಹೊಸ ಉಪಾಯ ಬಂತು. ಹಿಟ್ಟಿನ ಹುಳವನ್ನೇ ತಿಂದು ಬದುಕುವ ಇನ್ನೊಂದು ಹುಳವನ್ನು ಸಾಕಿ ಕಳಿಸುತ್ತಾರೆ. ತೋಟದಲ್ಲಿ ಬಿಟ್ಟರೆ ಸಾಕು, ಎಣ್ಣಿ ಬೇಡ. ಹೊಲಗಳಲ್ಲಿ ಕಾಣುವ ಕೆಂಪು ಗುಲಗಂಜಿ ಹುಳದ ಜಾತಿಯದೇ, ಆದರೆ ಕಪ್ಪು ಬೆನ್ನು, ಕಿತ್ತಳೆ ತಲೆ. ನಾನು ಆ ಹುಳದ ಬಣ್ಣದ ಚಿತ್ರ ಹಿಡಿದುಕೊಂಡು ಖಜೂರಿಯ ಗುಡಿಕಟ್ಟೆಗೆ ಹೋಗಿ ದ್ರಾಕ್ಷಿ ಬೆಳೆಯುವವರನ್ನು ಸೇರಿಸಿದೆ. ಹದಿನೈದು ಇಪ್ಪತ್ತು ಮಂದಿ ಗಂಡಸರು ಬಂದು ಕೂತರು. ಚಿತ್ರ ಕೈಯಿಂದ ಕೈಗೆ ಹೋಯಿತು.

"ಸಾಹೇಬ್ರ, ನಿಮ್ಮ ಆಫೀಸಿನವ್ರೇ ಮೊದಲ ಬಂದು ಎಣ್ಣಿ ಹೊಡೀರಿ ಅಂತ ಹೇಳಿಕೊಟ್ರು. ಈಗ ನೀವ್ ಬಂದು ಬ್ಯಾಡ ಅಂತೀರಿ. ನಾವು ಯಾರ ಮಾತು ಕೇಳಬೇಕ್ರಿ?" ಎಂದ ಒಬ್ಬ.

"ಪುಕಟ ಕೊಡ್ತೀರಂದ್ರ ಏನರ ಇರಬೇಕ" ಎಂದ ಇನ್ನೊಬ್ಬ.

ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೇಳಿದರು: "ಆ ಹಿಟ್ಟಿನ ಹುಳ ಎಲ್ಲ ತಿಂದು ಮುಗಿಸಿದ ಮ್ಯಾಲ ನಿಮ್ಮ ಹುಳ ಏನ್ ತಿಂತದ್ರಿ?"

ಹಿಟ್ಟಿನ ಹುಳ ಮುಗಿದರೆ ಇವೂ ಹಾರಿಹೋಗುತ್ತವೆ, ಹಣ್ಣು ಮುಟ್ಟುವುದಿಲ್ಲ ಎಂದು ನಾನು ಕಲಿತು ಬಂದ ಉತ್ತರವನ್ನು ಒಪ್ಪಿಸಿದೆ. ಯಾರ ಮುಖವೂ ಬದಲಾಗಲಿಲ್ಲ. ಆಳಂದದ ಔಷಧ ಅಂಗಡಿಯವರು ಇವರಲ್ಲಿ ಅರ್ಧ ಮಂದಿಗೆ ನೆಂಟರು. ಹೋದರೆ ಕುರ್ಚಿ ಹಾಕಿ ಚಹಾ ತರಿಸುವವರು, ಮದುವೆ ಮುಂಜಿಗೆ ಮೊದಲೇ ಬಂದು ನಿಲ್ಲುವವರು. ನಾನು ಹದಿನೈದು ದಿನಕ್ಕೊಮ್ಮೆ ಬಸ್ಸಿಳಿದು, ಸಂಜೆಯ ಬಸ್ಸಿಗೆ ಹೊರಟುಬಿಡುವ ಪರಊರವನು. ನಂಬಿಕೆಯೆಂಬುದು ಹೆಚ್ಚಾಗಿ ಪದೇ ಪದೇ ಕಾಣುವ ಮುಖದ ಇನ್ನೊಂದು ಹೆಸರು.

ಕೊನೆಗೆ ಒಪ್ಪಿಕೊಂಡವನು ಬಸಲಿಂಗಪ್ಪ. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಬೆಳಿಗ್ಗೆ ಲಿಂಗಪೂಜೆಯಾಗದೆ ನೀರು ಮುಟ್ಟುವವನಲ್ಲ. ಅವನು ಒಪ್ಪಿದ ಕಾರಣ ನನ್ನ ಚಿತ್ರವೂ ಅಲ್ಲ, ಭಾಷಣವೂ ಅಲ್ಲ. ಸಭೆ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು ಅಂಗೈ ತೋರಿಸಿದ. ತೊಗಲು ಸುಲಿದು ಬಿಳಿಚಿಕೊಂಡಿತ್ತು. "ಪೂಜಿಗಿ ಕೂತ್ರ ಅಂಗೈಯಾಗ ವಿಭೂತಿ ವಾಸನಿ ಬರಂಗಿಲ್ರಿ ಸಾಹೇಬ್ರ, ಎಣ್ಣಿ ವಾಸನಿ ಬರ್ತದ. ಲಿಂಗ ಯಾವ ಕೈಲೆ ಹಿಡೀಲಿ?" ಎಂದ. ಮತ್ತೆ ದನಿ ತಗ್ಗಿಸಿ, "ನನ್ನದೇನಿಲ್ಲ, ಕಾಶಿರಾಯಂದು ನೋಡ್ಕೋರಿ. ಅಂವ ಎಣ್ಣಿ ಹೊಡದ್ರ ಗಾಳಿಗಿ ಈ ಕಡಿ ಬರ್ತದ, ನಿಮ್ಮ ಹುಳ ಉಳಿಯಂಗಿಲ್ಲ" ಎಂದ.

ಕಾಶಿರಾಯ ಅವನ ಚಿಕ್ಕಪ್ಪನ ಮಗ. ಅಜ್ಜನ ಕಾಲದಲ್ಲಿ ಒಂದೇ ಆಗಿದ್ದ ಹೊಲ ಈಗ ನಡುವೆ ಒಂದು ಬದು ಹಾಕಿಕೊಂಡು ಎರಡು ತೋಟವಾಗಿತ್ತು. ಬಾವಿಗೆ ಹೋಗುವ ದಾರಿಯ ಬಗ್ಗೆ ಇಬ್ಬರ ನಡುವೆ ಹಳೆಯ ಮನಸ್ತಾಪವಿತ್ತು. ಮಾತು ನಿಂತಿರಲಿಲ್ಲ, ಆದರೆ ಬೇಕಾದಷ್ಟೇ ಇತ್ತು. ಕಟ್ಟೆಯಿಂದ ಎದ್ದು ಹೋಗುತ್ತಿದ್ದ ಕಾಶಿರಾಯನನ್ನು ನಿಲ್ಲಿಸಿ, ಬದುವಿನ ಹತ್ತಿರ ಒಂದು ತಿಂಗಳು ಎಣ್ಣಿ ಹೊಡೆಯಬೇಡಿರೆಂದು ಕೇಳಿಕೊಂಡೆ. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ನೋಡಮು" ಎಂದು ಹೊರಟುಹೋದ.

ಒಂದು ಬೆಳಿಗ್ಗೆ ಪೆಟ್ಟಿಗೆ ತಂದು ಬಸಲಿಂಗಪ್ಪನ ತೋಟದಲ್ಲಿ ಬಿಚ್ಚಿದೆವು. ಕಾಗದದ ಚೂರುಗಳ ನಡುವಿಂದ ಆ ಕಿತ್ತಳೆ ತಲೆಗಳು ಒಂದೊಂದಾಗಿ ಹೊರಬಂದು, ಬಳ್ಳಿಯ ಮೇಲೆ ಎರಡು ಹೆಜ್ಜೆ ನಡೆದು, ತಾವು ಎಲ್ಲಿಗೆ ಬಂದೆವೆಂದು ವಿಚಾರ ಮಾಡುವವರಂತೆ ನಿಂತವು. ಹನ್ನೆರಡು ದಿನ ಬಿಟ್ಟು ಮತ್ತೆ ಹೋದಾಗ ನನ್ನ ಎದೆ ಹಗುರವಾಯಿತು: ಬಳ್ಳಿಯ ಸಿಪ್ಪೆಯ ಮೇಲೆ, ಗೊಂಚಲ ಸಂದುಗಳಲ್ಲಿ ಅವುಗಳ ಮರಿಗಳು ಕಂಡವು. ಒಂದು ಮಾತನ್ನು ನಿಮಗೆ ಇಲ್ಲೇ ಹೇಳಿಬಿಡಬೇಕು. ತಾಯಿ ಹುಳ ಕಪ್ಪಗಿದ್ದರೂ ಮರಿ ಬೆಳ್ಳಗಿರುತ್ತದೆ. ಮೈತುಂಬ ಬಿಳಿ ಎಳೆಗಳನ್ನು ಹೊದ್ದುಕೊಂಡು ಥೇಟ್ ಹಿಟ್ಟಿನ ಹುಳದಂತೆಯೇ ಕಾಣುತ್ತದೆ, ಅದಕ್ಕಿಂತ ದೊಡ್ಡದು ಅಷ್ಟೆ. ತಾನು ತಿನ್ನುವ ವೈರಿಯ ವೇಷವನ್ನೇ ತೊಟ್ಟುಕೊಂಡು ಅದರ ನಡುವೆ ತಿರುಗಾಡುವ ಹುಳ ಅದು. ಬಸಲಿಂಗಪ್ಪನಿಗೆ ಭೂತಗನ್ನಡಿ ಹಿಡಿದು ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಇವು ತಿಂತಾವ?" ಎಂದು ಕೇಳಿದ. "ತಾಯಿಗಿಂತ ಹೆಚ್ಚು ಇವೇ ತಿಂತಾವ" ಎಂದೆ. ಅವನು ಆ ಬಳ್ಳಿಯ ಬಳಿ ಕೈಮುಗಿದದ್ದು ನನ್ನ ಕಣ್ಣಿಗೆ ಬಿತ್ತು.

ವಾರ ಕಳೆದು ಹೋದೆ. ಒಂದು ಮರಿಯೂ ಇರಲಿಲ್ಲ. ಸಾಲು ಸಾಲು ಹುಡುಕಿದರೂ ಇರಲಿಲ್ಲ. ಗೊಂಚಲುಗಳ ಆಳದಲ್ಲಿ ಹಿಟ್ಟಿನ ಹುಳ ಮಾತ್ರ ಹಾಯಾಗಿ ಕೂತಿತ್ತು.

"ನಾ ಮೊದಲ ಹೇಳಿದ್ದೆ" ಎಂದ ಬಸಲಿಂಗಪ್ಪ, ಬದುವಿನ ಕಡೆ ನೋಡುತ್ತ. "ಮಂಗಳವಾರ ಅವನ ಪಂಪು ಸದ್ದು ಮಾಡಾಕತ್ತಿತ್ತು. ನಾ ಕಿವಿಲೆ ಕೇಳೀನಿ."

ಇಲ್ಲಿ ನಾನು ನನ್ನ ಬಗ್ಗೆ ಸತ್ಯ ಹೇಳಬೇಕು. ಎಣ್ಣಿ ತಾಗಿ ಸತ್ತಿದ್ದರೆ ಮರಿಗಳು ಎಲೆಯ ಮೇಲೋ ಮಣ್ಣಿನ ಮೇಲೋ ಬಿದ್ದಿರಬೇಕಿತ್ತು, ನಾನು ಹುಡುಕಲಿಲ್ಲ. ಗಾಳಿ ಆ ದಿನ ಯಾವ ಕಡೆಗಿತ್ತೆಂದು ಕೇಳಬಹುದಿತ್ತು, ಕೇಳಲಿಲ್ಲ. ಬಸಲಿಂಗಪ್ಪನ ಗುಮಾನಿಗೆ ಹಳೆಯ ಬಾವಿಯ ದಾರಿ ಕಾರಣವಿದ್ದೀತು, ನನ್ನದಕ್ಕೆ ಅದೂ ಇರಲಿಲ್ಲ. ಆದರೆ ಕಾಶಿರಾಯ ತಪ್ಪಿತಸ್ಥನಾದರೆ ನನ್ನ ಹುಳ ಸೋತಂತಾಗುವುದಿಲ್ಲ, ನಾನೂ ಸೋತಂತಾಗುವುದಿಲ್ಲ. ಇಷ್ಟು ಅನುಕೂಲವಾದ ಅಪರಾಧಿ ಎದುರಿಗಿರುವಾಗ ಇನ್ನೊಬ್ಬನನ್ನು ಯಾಕೆ ಹುಡುಕಲಿ? 'ಪಕ್ಕದ ತೋಟದ ಸಿಂಪಡಣೆಯಿಂದ ಪ್ರಯೋಗ ವಿಫಲ' ಎಂದು ನನ್ನ ದುಂಡಗಿನ ಅಕ್ಷರದಲ್ಲಿ ವರದಿ ಬರೆದು ಮೇಲಿನವರಿಗೆ ಕಳಿಸಿಬಿಟ್ಟೆ.

ಬಸಲಿಂಗಪ್ಪ ಮತ್ತೆ ಎಣ್ಣಿಯ ಪಂಪು ಹಚ್ಚಿದ. ಬದುವಿನ ಉದ್ದಕ್ಕೂ ಜಾಲಿಮುಳ್ಳು ತಂದು ಒಟ್ಟಿದ. ಕಾಶಿರಾಯನ ಮನೆಯಲ್ಲಿ ತೊಟ್ಟಿಲ ಕಾರ್ಯವಿದ್ದಾಗ ಇವನ ಮನೆಯಿಂದ ಒಬ್ಬರೂ ಹೋಗಲಿಲ್ಲ. ಹೆಂಗಸರು ಕೂಸಿಗೆಂದು ಹೊಲಿದಿಟ್ಟಿದ್ದ ಕುಲಾಯಿ, ಕುಂಚಿಗೆ ಪೆಟ್ಟಿಗೆಯಲ್ಲೇ ಉಳಿದವು. ಆ ದಿನಗಳಲ್ಲೊಮ್ಮೆ ನಾನು ಬದುವಿನ ಮೇಲೆ ನಡೆದು ಬರುತ್ತಿದ್ದಾಗ ಕಾಶಿರಾಯನ ಅಂಚಿನ ಐದಾರು ಸಾಲುಗಳು ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಹುಳದಿಂದ ತುಂಬಿದ್ದು ಕಂಡಿತು. ಸರಿಯಾಗಿ ಆಯಿತು ಎಂದುಕೊಂಡೆ. ಎಣ್ಣಿ ಹೊಡೆದ ತೋಟದಲ್ಲಿ ಇಷ್ಟು ಹುಳ ಯಾಕಿದೆ ಎಂಬ ಸಣ್ಣ ಪ್ರಶ್ನೆ ನನಗೆ ಹೊಳೆಯಲಿಲ್ಲ. ಸಾಕ್ಷಿ ಕಣ್ಣೆದುರಿಗೆ ತೂಗಾಡುತ್ತಿದ್ದರೂ ನಾನು ಅದನ್ನು ಶಿಕ್ಷೆಯೆಂದು ಓದಿಕೊಂಡೆ.

ಕೊಯ್ಲಿನ ಸಮಯ. ಮಧ್ಯಾಹ್ನ ಬಸಲಿಂಗಪ್ಪನ ಚಪ್ಪರದ ನೆರಳಿನಲ್ಲಿ ಕೂಲಿಯ ಹೆಣ್ಣುಮಕ್ಕಳು ರೊಟ್ಟಿಯ ಗಂಟು ಬಿಚ್ಚಿ ಕೂತಿದ್ದರು. ಅವರ ಮುಂದಾಳು ಭಾಗಾಬಾಯಿ. ಗೊಂಚಲು ಬಿಡಿಸುವುದು, ಸಣ್ಣ ಕಾಯಿ ತೆಗೆಯುವುದು, ಒರೆಸುವುದು, ಕೊಯ್ಯುವುದು ಎಲ್ಲ ಅವಳ ಹತ್ತು ಹನ್ನೆರಡು ಮಂದಿಯ ಕೆಲಸ. ಗಂಡಸರು ಪಂಪು ಹಿಡಿದು ತಿಂಗಳಿಗೆ ಎರಡು ಸಲ ಬಳ್ಳಿಯ ಹತ್ತಿರ ಬರುತ್ತಾರೆ, ಇವರು ದಿನಾ ಇರುತ್ತಾರೆ. ನನಗೆ ಕರೆದು ಒಂದು ರೊಟ್ಟಿ, ಶೇಂಗಾದ ಹಿಂಡಿ ಕೊಟ್ಟರು. ತಿನ್ನುತ್ತ ನಾನು ಸುಮ್ಮನೆ, "ಈ ಸಲ ನಮ್ಮ ಹುಳ ಕೈ ಕೊಟ್ವು ನೋಡ್ರಿ" ಎಂದೆ.

"ಕೈ ಕೊಟ್ಟಿದ್ದಲ್ರಿ, ಕೇಡ ತಂದ್ವು" ಎಂದಳು ಭಾಗಾಬಾಯಿ. "ನೀವ್ ಅವನ್ನ ಬಿಟ್ಟು ಹೋದ ಮ್ಯಾಲ ಇಷ್ಟಿಷ್ಟು ದೊಡ್ಡ ಬಿಳಿ ಹುಳ ಹುಟ್ಟಿದ್ವು. ಮೊದಲಿನವಾದ್ರ ಕೂತಲ್ಲೇ ಕೂತಿರ್ತಿದ್ವು, ಇವು ಓಡತಿದ್ವು. ಗೌಡ್ರ ಮಾಲು ಕೆಡ್ತದಂತ ನಾವು ಮೂರು ದಿನ ಬೆನ್ನು ನೆಟ್ಟಗ ಮಾಡ್ಲಿಲ್ರಿ. ಒಂದ ಬಿಡದಂಗ ಬಟ್ಟಿಲೆ ಒರಸಿ ತಗದ್ವಿ."

ಅವಳ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವರ ಸಮಾಧಾನವಿತ್ತು.

"ಅವು ನಮ್ಮ ಹುಳದ ಮರಿ, ಭಾಗಾಬಾಯಿ. ಅವೇ ತಿನ್ನೋವು. ನಿಮಗ ಯಾರೂ ಹೇಳಲಿಲ್ಲೇನು?"

ಉಳಿದವರು ಉಣ್ಣುವುದನ್ನು ನಿಲ್ಲಿಸಿದರು.

"ಯಾರು ಹೇಳಬೇಕ್ರಿ? ಕಟ್ಟಿಗಿ ನಮ್ಮನ್ನ ಕರದಿದ್ರೇನು? ಚಿತ್ರ ನಮಗ ತೋರಿಸಿದ್ರೇನು?" ಎಂದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲೆಂದು ಕೇಳಿದಂತೆ. ಆಮೇಲೆ ತನ್ನ ಬೆರಳುಗಳನ್ನು ತಾನೇ ನೋಡಿಕೊಂಡು, "ಪಾಪ" ಎಂದಳು. ಅದು ಹುಳಕ್ಕೋ, ನನಗೋ, ಮೂರು ದಿನ ಬಾಗಿದ ಬೆನ್ನಿಗೋ ತಿಳಿಯಲಿಲ್ಲ.

ಆ ಚಿತ್ರದಲ್ಲೂ ಇದ್ದದ್ದು ಕಪ್ಪು ತಾಯಿ ಹುಳ ಮಾತ್ರ. ಅಲ್ಲಿಗೆ ನನ್ನ ವಿದ್ಯೆ ಮುಗಿದಿತ್ತು. ತೋಟ ಯಾರ ಹೆಸರಿನಲ್ಲಿದೆಯೆಂದು ಪಹಣಿ ನೋಡಿ ಜನರನ್ನು ಕರೆದಿದ್ದೆ. ಬಳ್ಳಿಯನ್ನು ಮುಟ್ಟುವ ಬೆರಳು ಯಾರದೆಂದು ನೋಡಿರಲಿಲ್ಲ.

ಅಂದೇ ಬದು ಸುತ್ತುಹಾಕಿ ಕಾಶಿರಾಯನ ತೋಟಕ್ಕೆ ಹೋದೆ. ಅವನು ಕೊಯ್ದ ಗೊಂಚಲುಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದ. ನಡೆದದ್ದೆಲ್ಲ ಹೇಳಿ, ತಪ್ಪಾಯಿತೆಂದೆ. ಅವನು ಕೆಲಸ ನಿಲ್ಲಿಸದೆ ಕೇಳಿಸಿಕೊಂಡ.

"ಮಂಗಳವಾರ ಪಂಪು ಹಚ್ಚಿದ್ದು ಖರೇನೇ ಅದರಿ" ಎಂದ. "ಆದ್ರ ಆ ಕಡಿ ಹಚ್ಚಿದ್ದೆ, ರಸ್ತಾದ ಕಡಿ. ಬದುವಿನ ಹಂತೇಕ ಆರು ಸಾಲು ಮುಟ್ಟಿಲ್ಲ. ನೀವ್ ಕಟ್ಟಿ ಮ್ಯಾಲ ಕೇಳಿದ ದಿನದಿಂದ ಇವತ್ತಿನ ತನಕ ಮುಟ್ಟಿಲ್ಲ. ಆರೂ ಸಾಲು ಹೋದ್ವು ನೋಡ್ರಿ."

"ಮತ್ತ ಅವಾಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನಂಬತಿದ್ರೇನು?"

ನಾನು ಒಂದು ಗೊಂಚಲು ಎತ್ತಿ ಅವನ ಕೈಗೆ ಕೊಟ್ಟೆ. ಅವನೇ ಮುಂದುವರಿಸಿದ: "ಅಣ್ಣನ ಸಲುವಾಗಿ ಬಿಟ್ಟೀನಂತ ತಿಳೀಬ್ಯಾಡ್ರಿ. ಹುಳ ಕೆಲಸ ಮಾಡತದೋ ಇಲ್ಲೋ ನೋಡಬೇಕಿತ್ತು. ಮಾಡಿದ್ರ ನನಗೂ ಬೇಕಿತ್ತು. ಹುಳ ಸತ್ತಾವಂತ ನೀವ್ ಸುದ್ದಿ ಹಬ್ಬಿಸಿದಾಗ ನನಗ ಶಕ್ ಬಂತು. ನಮಗ ಸಿಗಬಾರದಂತ ನೀವಿಬ್ಬರೂ ಕೂಡಿ ಸುಳ್ಳ ಹೇಳಾಕತ್ತೀರಿ ಅಂದ್ಕೊಂಡೆ."

ಬಸಲಿಂಗಪ್ಪನಿಗೆ ಇದನ್ನು ಹೇಳುವುದು ಇನ್ನೂ ಕಷ್ಟವಾಯಿತು. ಮೊದಲಿಗೆ ಅವನು ಭಾಗಾಬಾಯಿಗೆ ಕಾಶಿರಾಯನೇ ಹೇಳಿಕೊಟ್ಟಿರಬೇಕೆಂದ. ಗುಮಾನಿ ಅಷ್ಟು ಸುಲಭವಾಗಿ ಮನೆ ಖಾಲಿ ಮಾಡುವುದಿಲ್ಲ. ಆಮೇಲೆ ಎದ್ದು, ನನ್ನನ್ನು ಕರೆಯದೆ, ಬದುವಿಗೆ ಹೋದ. ಜಾಲಿಮುಳ್ಳನ್ನು ಕಾಲಿನಿಂದ ಸರಿಸಿ ಆಚೆ ಇಳಿದು ಮೊದಲ ಸಾಲಿನ ಎಲೆಯೊಂದನ್ನು ಮಗುಚಿದ. ಮೂವತ್ತು ವರ್ಷ ಬೇಸಾಯ ಮಾಡಿದವನಿಗೆ ಎಣ್ಣಿ ಕಂಡ ಎಲೆ ಯಾವುದು, ಕಾಣದ ಎಲೆ ಯಾವುದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮೂಸಿ ನೋಡಿದ. ಎರಡನೆಯ ಸಾಲು, ಮೂರನೆಯ ಸಾಲು, ಆರನೆಯ ಸಾಲಿನ ತನಕ ಹೋದ. ವಾಪಸು ಬಂದಾಗ ಅವನ ಧೋತರಕ್ಕೆ ಮುಳ್ಳು ಸಿಕ್ಕಿತ್ತು, ಬಿಡಿಸಿಕೊಳ್ಳಲೂ ಇಲ್ಲ. "ತೊಟ್ಟಿಲಕ್ಕ ಹೋಗಬೇಕಿತ್ತು" ಎಂದ, ಅಷ್ಟೆ.

ನನ್ನ ವರದಿಯನ್ನು ತಿದ್ದಿ ಇನ್ನೊಂದು ಬರೆದು ಕಳಿಸಿದೆ. ಅದನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯದು. ಆದರೆ ಮುಂದಿನ ಹಂಗಾಮಿಗೆ ಹುಳ ಬರುವ ಮೊದಲೇ ಭಾಗಾಬಾಯಿ ಎರಡೂ ತೋಟದ ಹೆಣ್ಣುಮಕ್ಕಳನ್ನು ಚಪ್ಪರದ ನೆರಳಿನಲ್ಲಿ ಕೂಡಿಸಿದಳು. ಭೂತಗನ್ನಡಿಯನ್ನು ನನ್ನ ಕೈಯಿಂದ ಇಸಿದುಕೊಂಡು, ನಾನು ಸೀಸೆಯಲ್ಲಿ ತಂದಿದ್ದ ಎರಡು ಮರಿಗಳನ್ನು ತಾನೇ ನೋಡಿದಳು, ನನ್ನ ದೊಡ್ಡ ದೊಡ್ಡ ವಿವರಣೆಯನ್ನೆಲ್ಲ ಕೇಳಿ, "ಅಷ್ಟೆಲ್ಲ ಯಾಕ್ರಿ? ಮುಟ್ಟಿದ್ರ ಓಡತದಲ್ಲ, ಅದು ನಮ್ದು. ಕೂತೇ ಇರ್ತದಲ್ಲ, ಅದು ಕಳ್ಳಂದು. ತಿಳೀತೇನ್ರೇ?" ಎಂದು ಅವರಿಗೆ ಹೇಳಿದಳು. ಇಡೀ ಕಚೇರಿ ಸೇರಿ ಇಷ್ಟು ಚಿಕ್ಕದಾಗಿ ಬರೆಯಲಾರದು. ಆ ವರ್ಷ ಹಿಟ್ಟಿನ ಹುಳಕ್ಕೆ ಅವರು ಎಣ್ಣಿ ಹೊಡೆಯಲಿಲ್ಲ. ಎಲೆಯ ಬೂದಿರೋಗಕ್ಕೆ ಹೊಡೆದರು, ಸುಳ್ಳು ಹೇಳಲಾರೆ. ಊರಿನ ಉಳಿದ ಬಹಳಷ್ಟು ಮಂದಿ ಇನ್ನೂ ಎರಡು ವರ್ಷ ದೂರದಿಂದಲೇ ನೋಡುತ್ತಿದ್ದರು. ಮುಂದೆ ನನಗೆ ಅಫಜಲಪುರಕ್ಕೆ ವರ್ಗವಾಗಿ ಅತನೂರಿನ ತೋಟವೊಂದಕ್ಕೆ ಹೋದಾಗ, ಮೊದಲು ಕೂಲಿಯ ಹೆಣ್ಣುಮಕ್ಕಳನ್ನು ಕರೆಯಿರಿ ಎಂದದ್ದಕ್ಕೆ ಅಲ್ಲಿಯ ಗಂಡಸರು ನನ್ನ ನಡತೆಯ ಬಗ್ಗೆಯೇ ಸಂಶಯಪಟ್ಟರು. ಅದು ಬೇರೆ ಕತೆ.

ಆ ಎರಡನೆಯ ವರ್ಷದ ಬೆಳಿಗ್ಗೆ ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಎರಡು ಪೆಟ್ಟಿಗೆ ತಂದಿದ್ದೆ. ಬಸಲಿಂಗಪ್ಪ ಒಂದನ್ನು ಎತ್ತಿಕೊಂಡು ತನ್ನ ಸಾಲಿಗೆ ಹೋಗದೆ ಬದುವಿಗೆ ನಡೆದು, ಆಚೆ ನಿಂತಿದ್ದ ಕಾಶಿರಾಯನ ಕಡೆ ಚಾಚಿದ. ತಪ್ಪಾಯಿತೆಂಬ ಮಾತು ಅವನ ಬಾಯಿಂದ ಬರುವುದೆಂದು ನಾನು ಕಾಯುತ್ತಿದ್ದೆ, ಬರಲಿಲ್ಲ. ಕಾಶಿರಾಯ ಪೆಟ್ಟಿಗೆ ತಗೊಂಡು, ಕಿವಿಗೆ ಹಿಡಿದು, ಅಲ್ಲಾಡಿಸಿ, ತೂಗಿ ನೋಡಿದ.

"ಎರಡರಾಗೂ ಬರೋಬ್ಬರಿ ಹಾಕ್ಯಾರೇನಣ್ಣ? ನನಗ ಕಮ್ಮಿ ಇದ್ದಂಗ ಅನಿಸ್ತದ."

"ಎಣಿಸ್ಕೊ ಲೇ" ಎಂದ ಬಸಲಿಂಗಪ್ಪ.

ಕಾಶಿರಾಯ ನಿಜಕ್ಕೂ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಮುಚ್ಚಳ ಒಂದಿಷ್ಟೇ ತೆರೆದು, ಹೊರಬಂದ ಹುಳಗಳನ್ನು ಬೆರಳ ಮೇಲೆ ಹತ್ತಿಸಿಕೊಂಡು ಬಳ್ಳಿಗೆ ಬಿಡುತ್ತ ಎಣಿಸತೊಡಗಿದ. ಬಸಲಿಂಗಪ್ಪ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಅವನೂ ಪಕ್ಕದಲ್ಲೇ ಕೂತು, ತಮ್ಮನ ಎಣಿಕೆ ತಪ್ಪಿದಾಗಲೆಲ್ಲ ತಿದ್ದತೊಡಗಿದ.